ಪಟ್ಟುಬಿಡದ ಮಿಂಚಂಚೆಗೆ ತಡೆ: ವರ್ತಕರು ಅರಿಯಬೇಕಾದ ಕ್ರಮ

ಚಳ್ಳಕೆರೆಯ ಎಣ್ಣೆ ಗಿರಣಿಗಳು, ತಳಕು ಹೋಬಳಿಯ ಶೇಂಗಾ ವರ್ತಕರು, ಮೊಳಕಾಲ್ಮೂರಿನ ರೇಷ್ಮೆ ಸೀರೆ ತಯಾರಕರು ಎಷ್ಟೇ ವ್ಯವಹಾರವನ್ನು ದೂರವಾಣಿಯಲ್ಲಿ ಕುದುರಿಸಿದರೂ, ತೆರಿಗೆ ನೋಟಿಸು, ಬ್ಯಾಂಕಿನ ಲೆಕ್ಕಪಟ್ಟಿ, ಹೊರರಾಜ್ಯದ ಖರೀದಿದಾರರ ಬರಹದ ಬೇಡಿಕೆ ಇವು ಬರುವುದು ಮಿಂಚಂಚೆಯ ಮೂಲಕವೇ. ಅದೇ ಪೆಟ್ಟಿಗೆಗೆ ‘ವಿದೇಶಿ ಖರೀದಿದಾರರ ಪಟ್ಟಿ ಕೊಡುತ್ತೇವೆ’, ‘ನಿಮ್ಮ ಜಾಲತಾಣವನ್ನು ಮುಂಚೂಣಿಗೆ ತರುತ್ತೇವೆ’ ಎಂಬ ಪತ್ರಗಳು ವಾರಕ್ಕೆ ನಾಲ್ಕರಂತೆ ಒಬ್ಬನಿಂದಲೇ ಬರತೊಡಗಿದರೆ, ಕೆಲಸದ ಪತ್ರ ಕಣ್ತಪ್ಪುವುದು ಸಹಜ.

ಈ ಪಿಡುಗು ಹೊಸದಲ್ಲ. 1978ರ ಮೇ ತಿಂಗಳಲ್ಲಿ ಅಮೆರಿಕದ ಗಣಕಯಂತ್ರ ಕಂಪನಿಯೊಂದರ ಮಾರಾಟಗಾರ ಗ್ಯಾರಿ ಥರ್ಕ್ ಎಂಬಾತ ಅರ್ಪಾನೆಟ್ ಜಾಲದ ಸುಮಾರು 400 ಜನರಿಗೆ ಒಂದೇ ಜಾಹೀರಾತನ್ನು ಕಳುಹಿಸಿದ್ದೇ ಇಂಥ ಪತ್ರಗಳ ಮೊದಲು ಎನ್ನಲಾಗುತ್ತದೆ. ಇಂದು ವ್ಯಾಪಾರ ಕೈಪಿಡಿ, ಜಾಲತಾಣ, ಮಾರಾಟ ಪೋರ್ಟಲ್‌ಗಳಲ್ಲಿ ವಿಳಾಸ ಮುದ್ರಿತವಾದ ಬಳಿಕ ಅದನ್ನು ಹೆಕ್ಕಿಕೊಳ್ಳಲು ಯಾರ ಅನುಮತಿಯೂ ಬೇಕಾಗುವುದಿಲ್ಲ.

ಜಿಮೇಲ್‌ನಲ್ಲಿ ಪತ್ರ ತೆರೆದು, ಬಲಬದಿಯ ಮೂರು ಚುಕ್ಕೆಗಳನ್ನು ಒತ್ತಿ ‘ಬ್ಲಾಕ್’ ಎಂದರೆ ಆ ವಿಳಾಸದ ಮುಂದಿನ ಪತ್ರಗಳು ಸ್ಪ್ಯಾಮ್ ಕಡತಕ್ಕೆ ಹೋಗುತ್ತವೆ. 30 ದಿನಗಳ ನಂತರ ತಾವಾಗಿ ಅಳಿಯುತ್ತವೆ. ಔಟ್‌ಲುಕ್‌ನಲ್ಲಿಯೂ ಇಂಥದೇ ಅನುಕೂಲವಿದೆ. ಆದರೆ ಪಟ್ಟುಹಿಡಿದವನು ‘ಸೇಲ್ಸ್’ ಎಂಬುದನ್ನು ‘ಸೇಲ್ಸ್1’ ಎಂದು ಬದಲಿಸಿ ಮತ್ತೆ ಬರುತ್ತಾನೆ. ಇಲ್ಲಿ ಬೇಕಾಗುವುದು ಫಿಲ್ಟರ್, ಅಂದರೆ ಸೋಸುನಿಯಮ.

ಇದನ್ನು ಮೊಬೈಲ್ ಆ್ಯಪ್‌ನಲ್ಲಿ ರಚಿಸಲಾಗದು, ಗಣಕಯಂತ್ರದಲ್ಲಿ ಕೂರಬೇಕು. ಸೆಟ್ಟಿಂಗ್ಸ್‌ನ ‘ಫಿಲ್ಟರ್ಸ್ ಅಂಡ್ ಬ್ಲಾಕ್ಡ್ ಅಡ್ರೆಸಸ್’ ಎಂಬಲ್ಲಿ ಹೊಸ ಫಿಲ್ಟರ್ ತೆರೆದು, ‘ಫ್ರಮ್’ ಜಾಗದಲ್ಲಿ ಪೂರ್ಣ ವಿಳಾಸದ ಬದಲು ‘@’ ಗುರುತಿನ ನಂತರದ ಭಾಗವನ್ನು ಮಾತ್ರ ಬರೆದರೆ ಆ ಸಂಸ್ಥೆಯ ಹೆಸರಿನಲ್ಲಿ ಬರುವ ಎಲ್ಲ ಪತ್ರಗಳೂ ಸಿಕ್ಕಿಬೀಳುತ್ತವೆ. ಕಳುಹಿಸುವವನು ಜಿಮೇಲ್ ಅಥವಾ ಯಾಹೂ ವಿಳಾಸವನ್ನೇ ಬಳಸುತ್ತಿದ್ದರೆ ಈ ಉಪಾಯ ಸಲ್ಲದು: ಹಾಗೆ ಮಾಡಿದರೆ ದಾವಣಗೆರೆಯ ದಲ್ಲಾಳಿಯ ಪತ್ರವೂ, ಲೆಕ್ಕ ಪರಿಶೋಧಕರ ಪತ್ರವೂ ಅದರೊಡನೆ ಕೊಚ್ಚಿಹೋದೀತು. ಅಂಥ ಸಂದರ್ಭದಲ್ಲಿ ಪತ್ರದ ಅಡಿಯಲ್ಲಿ ಆತ ಪ್ರತಿಬಾರಿಯೂ ನಮೂದಿಸುವ ದೂರವಾಣಿ ಸಂಖ್ಯೆಯನ್ನು ‘ಹ್ಯಾಸ್ ದ ವರ್ಡ್ಸ್’ ಜಾಗದಲ್ಲಿ ಬರೆಯುವುದು ಲೇಸು. ವಿಳಾಸ ಎಷ್ಟು ಬಾರಿ ಬದಲಿಸಿದರೂ, ಗಿರಾಕಿಯ ಕರೆ ಬೇಕಾದವನು ಸಂಖ್ಯೆಯನ್ನು ಸುಲಭವಾಗಿ ಬದಲಿಸಲಾರ.

ಸಾಮಾನ್ಯ ಪದಗಳನ್ನು ಮಾತ್ರ ಸೋಸುನಿಯಮಕ್ಕೆ ಹಾಕಬಾರದು. ‘ಜಿಎಸ್‌ಟಿ’, ‘ಇನ್‌ವಾಯ್ಸ್’, ‘ಪೇಮೆಂಟ್’ ಎಂಬ ಪದವಿರುವ ಪತ್ರಗಳನ್ನೆಲ್ಲ ಅಳಿಸುವಂತೆ ಮಾಡಿದ ವರ್ತಕ ತನ್ನ ಕಣ್ಣಿಗೆ ತಾನೇ ಬಟ್ಟೆ ಕಟ್ಟಿಕೊಂಡಂತೆ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 169ನೇ ಕಲಮಿನಂತೆ, ನೋಂದಣಿ ವೇಳೆ ನೀಡಿದ ಮಿಂಚಂಚೆ ವಿಳಾಸಕ್ಕೆ ಕಳುಹಿಸುವುದೂ ನೋಟಿಸು ಜಾರಿಯ ಒಂದು ಮಾನ್ಯ ವಿಧಾನ. ನೋಟಿಸು ಕಸದ ಕಡತದಲ್ಲಿ ಬಿದ್ದಿತ್ತೆಂಬ ಸಬೂಬು ಅಧಿಕಾರಿಯ ಮುಂದೆ ನಿಲ್ಲುವುದು ಕಷ್ಟ. ಆದುದರಿಂದ ಮೊದಲ ಎರಡು ಮೂರು ವಾರ ‘ಡಿಲೀಟ್’ ಆರಿಸದೆ, ‘ಸ್ಕಿಪ್ ದ ಇನ್‌ಬಾಕ್ಸ್’ ಜೊತೆಗೆ ಒಂದು ಲೇಬಲ್ ಕೊಟ್ಟು, ಅಲ್ಲಿ ಏನೇನು ಬೀಳುತ್ತಿದೆ ಎಂದು ನೋಡಬೇಕು. ಖಾಯಂ ಖರೀದಿದಾರರಿಗೂ ಬ್ಯಾಂಕಿಗೂ ‘ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್’ ಎಂಬ ಪ್ರತ್ಯೇಕ ನಿಯಮ ಮಾಡಿಡುವುದು ಉತ್ತಮ. ಗುಮಾಸ್ತರು ರಚಿಸಿದ ಫಿಲ್ಟರ್‌ಗಳನ್ನು ಅಂಗಡಿಯ ಪುಸ್ತಕದಲ್ಲಿ ಬರೆದಿಡದಿದ್ದರೆ, ಅವರು ಕೆಲಸ ಬಿಟ್ಟ ಮೇಲೆ ಪತ್ರಗಳು ಎಲ್ಲಿ ಮಾಯವಾಗುತ್ತಿವೆ ಎಂದು ಮಾಲೀಕರೇ ಹುಡುಕಬೇಕಾದೀತು.

‘ಅನ್‌ಸಬ್‌ಸ್ಕ್ರೈಬ್’ ಕೊಂಡಿಯ ವಿಷಯದಲ್ಲಿ ವಿವೇಚನೆ ಬೇಕು. ಪರಿಚಿತ ಸಂಸ್ಥೆಯಾದರೆ ಅದನ್ನು ಒತ್ತಬಹುದು. ಭಾರಿ ಸಂಖ್ಯೆಯಲ್ಲಿ ಪ್ರಚಾರಪತ್ರ ಕಳುಹಿಸುವವರು ಒಂದೇ ಒತ್ತಿಗೆ ಹೊರಬರುವ ಅವಕಾಶ ಕೊಡಬೇಕೆಂದು ಗೂಗಲ್ ಮತ್ತು ಯಾಹೂ 2024ರಲ್ಲಿ ನಿಯಮ ತಂದಿವೆ. ಅಪರಿಚಿತನ ಕೊಂಡಿಯನ್ನು ಒತ್ತಿದರೆ ಮಾತ್ರ ಈ ವಿಳಾಸ ಜೀವಂತವಾಗಿದೆ ಎಂದು ಆತನಿಗೆ ಸಾರಿದಂತಾಗುತ್ತದೆ.

ಸೋಸುನಿಯಮಕ್ಕೆ ಸಿಗದ ಒಂದು ಬಗೆಯೂ ಉಂಟು. ಹಳೆಯ ಖರೀದಿದಾರನ ಅಥವಾ ಪೂರೈಕೆದಾರನ ಹೆಸರಿನಲ್ಲಿಯೇ, ಒಂದಕ್ಷರ ಬದಲಿಸಿದ ವಿಳಾಸದಿಂದ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಪತ್ರ ಬರುತ್ತದೆ. ಹಣ ಕಳುಹಿಸುವ ಮುನ್ನ ಹಳೆಯ ಸಂಖ್ಯೆಗೆ ಕರೆ ಮಾಡಿ ಕೇಳಬೇಕು. ಹಣ ಹೋಗಿಬಿಟ್ಟಿದ್ದರೆ ಕೂಡಲೇ 1930ಕ್ಕೆ ದೂರು ನೀಡತಕ್ಕದ್ದು.

ಇನ್ನು ಕಾನೂನು. ಕಿರಿಕಿರಿ ಮಾಡುವ ಉದ್ದೇಶದ ಮಿಂಚಂಚೆಯನ್ನು ಅಪರಾಧವೆನ್ನುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು, ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ರದ್ದುಪಡಿಸಿತು. ಹೀಗಾಗಿ ಬರಿಯ ಜಾಹೀರಾತು ಪತ್ರಕ್ಕೆ ಆ ಕಲಮಿನಡಿ ದೂರು ನಿಲ್ಲದು. ಬೆದರಿಕೆಯ ಪತ್ರದ ಮಾತು ಬೇರೆ. ಅದು ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮಿನ ವ್ಯಾಪ್ತಿಗೆ ಬರಬಹುದು. ಅಂಥ ಪತ್ರಗಳನ್ನು ಅಳಿಸದೆ ಪ್ರತ್ಯೇಕ ಲೇಬಲಿನಡಿ ಕಾದಿರಿಸಿ, ಮೂಲರೂಪದಲ್ಲಿಯೇ ಪೊಲೀಸರಿಗೆ ತೋರಿಸಬೇಕು. ಮುದ್ರಿತ ಪ್ರತಿಯೊಂದೇ ಸಾಲದು. ಪತ್ರ ಯಾವ ದಾರಿಯಲ್ಲಿ ಬಂದಿತೆಂಬ ವಿವರವು ಮೂಲಪತ್ರದ ತಲೆಬರಹದಲ್ಲಿ ಅಡಗಿರುತ್ತದೆ.