ಹಿತ್ತಲಿನ ಬೀಜಸಂಪತ್ತು

ರೋಣ, ನರಗುಂದ, ಗಜೇಂದ್ರಗಡಗಳು ಗದಗ ಜಿಲ್ಲೆಯ ತಾಲ್ಲೂಕುಗಳು. ಇಲ್ಲಿನ ಬಯಲು ಹೆಚ್ಚಾಗಿ ಎರೆಭೂಮಿ. ವರ್ಷದ ಮಳೆ ಸುಮಾರು 600 ಮಿಲಿಮೀಟರು ಮಾತ್ರ. ನವಿಲುತೀರ್ಥದ ಅಣೆಕಟ್ಟಿನಿಂದ ಕೆಲವು ಭಾಗಗಳಿಗೆ ಮಲಪ್ರಭೆಯ ನೀರು ಒದಗಿದೆಯಾದರೂ, ಅನೇಕ ರೈತರು ಮುಗಿಲನ್ನೇ ನಂಬಿ ಬಾಳುವವರು. ಇಂಥ ನೆಲದಲ್ಲಿಯೂ ಹಳ್ಳಿಯ ಹಿತ್ತಲು ಬರಿದಾಗಿರುವುದಿಲ್ಲ. ಬಚ್ಚಲ ನೀರು ಹರಿಯುವೆಡೆಯಲ್ಲಿ ಹೀರೆಯ ಬಳ್ಳಿ, ಬೇಲಿಗೆ ಹಬ್ಬಿದ ಅವರೆ, ಮೂಲೆಯಲ್ಲಿ ನಾಲ್ಕು ಮುಳ್ಳುಗಾಯಿಯ ಗಿಡಗಳು ಕಾಣಸಿಗುತ್ತವೆ. ಪುಂಡಿ, ಹಕ್ಕರಕಿ, ಚವಳಿಗಳು ಇಲ್ಲಿನ ಊಟಕ್ಕೆ ರುಚಿ ಕೊಡುತ್ತವೆ.

ಪೇಟೆಗೆ ಬರುವ ಕಾಯಿಪಲ್ಲೆ ದೂರದ ಸಾಗಾಟವನ್ನು ತಾಳಿಕೊಳ್ಳಬೇಕು. ಗಾತ್ರ, ಬಣ್ಣಗಳಲ್ಲಿ ಒಂದೇ ತೆರನಾಗಿರಬೇಕು. ಹಿತ್ತಲಿನ ತಳಿಗೆ ಈ ಕಟ್ಟಳೆಗಳಿಲ್ಲ. ಒಂದು ಮನೆಯ ಬದನೆ ರುಚಿಗೆ ಹೆಸರಾದರೆ, ಇನ್ನೊಂದು ಮನೆಯದು ನೀರಿನ ಕೊರತೆಯನ್ನು ಸಹಿಸುತ್ತದೆ. ಈ ವೈವಿಧ್ಯವೇ ರೈತನ ರಕ್ಷೆ. ಐರ್ಲೆಂಡಿನ ಬಡವರು ಹೆಚ್ಚಾಗಿ ಒಂದೇ ತಳಿಯ ಆಲೂಗಡ್ಡೆಯನ್ನು ನಂಬಿದ್ದರು. 1845ರಲ್ಲಿ ಅದಕ್ಕೆ ರೋಗ ತಗುಲಿತು. ಆಳುವವರ ಅಲಕ್ಷ್ಯವೂ ಸೇರಿ, ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನರು ಅಸುನೀಗಿದರು.

ಬೀಜವನ್ನು ಉಳಿಸುವುದು ಕಠಿಣವಲ್ಲ. ಆದರೆ ಎಚ್ಚರ ಬೇಕು. ಸತ್ತ್ವವುಳ್ಳ ಗಿಡದ ಒಳ್ಳೆಯ ಕಾಯಿಗಳನ್ನು ಅಡುಗೆಗೆ ಕೊಯ್ಯದೆ ಬೀಜಕ್ಕೆಂದು ಬಿಡಬೇಕು. ಬದನೆಯು ಹಳದಿಗೆ ತಿರುಗಿ ಮೆತ್ತಗಾದ ಮೇಲೆ ಬೀಜ ತೆಗೆದು, ತೊಳೆದು, ನೆರಳಿನಲ್ಲಿ ಒಣಗಿಸಬೇಕು. ಹೀರೆಯು ಬಳ್ಳಿಯಲ್ಲಿಯೇ ಒಣಗಬೇಕು. ಒಣಗಿದ ಬೀಜವನ್ನು ಬೂದಿಯೊಡನೆ ಬೆರೆಸಿ ಗಡಿಗೆಯಲ್ಲಿಟ್ಟರೆ ಹುಳು ಹತ್ತುವುದು ಕಡಿಮೆ. ಹೀರೆಯ ಎರಡು ತಳಿಗಳನ್ನು ಒತ್ತಾಗಿ ಬೆಳೆದರೆ ಜೇನುನೊಣಗಳಿಂದ ಪರಾಗ ಬೆರೆತು ಮೂಲಗುಣ ಕೆಡಬಹುದು. ಸಂಕರ ತಳಿಯ ಕಾಯಿಯಿಂದ ತೆಗೆದ ಬೀಜವಂತೂ ತಾಯಿಗಿಡದ ಗುಣವನ್ನು ಹಾಗೆಯೇ ಕೊಡಲಾರದು.

ಇಷ್ಟೆಲ್ಲ ಮಾಡಿದರೂ ಒಂದೇ ಗಡಿಗೆಯಲ್ಲಿರುವ ಬೀಜಕ್ಕೆ ಅಪಾಯ ತಪ್ಪಿದ್ದಲ್ಲ. ಒಂದು ಬರಗಾಲ, ಒಂದು ಇಲಿಯ ಕಾಟ ಸಾಕು. ತಲೆಮಾರುಗಳಿಂದ ಬಂದ ತಳಿ ಅಳಿದುಹೋಗುತ್ತದೆ. ಅದೇ ಬೀಜ ಹತ್ತು ಮನೆಗಳಲ್ಲಿದ್ದರೆ ಕಳೆದುಕೊಂಡವರು ಮರಳಿ ಪಡೆಯಬಹುದು. ಆದುದರಿಂದ ಹಂಚಿಕೆಯು ದಾನವಷ್ಟೇ ಅಲ್ಲ, ಕಾಪಿನ ಉಪಾಯವೂ ಹೌದು. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ, ರೊಟ್ಟಿ ಪಲ್ಲೆಗಳನ್ನು ಬಂಧುಬಾಂಧವರೊಡನೆ ಉಣ್ಣುವ ಈ ನಾಡಿಗೆ ಹಂಚಿಕೆ ಹೊಸದಲ್ಲ.

ಕಾನೂನು ಕೂಡ ಇದಕ್ಕೆ ಬೆಂಬಲವಾಗಿದೆ. ತಾನು ಬೆಳೆದ ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ, ಹಂಚುವ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ರೈತನಿಗೆ ನೀಡಿದೆ. ನೆರೆಯ ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದಲ್ಲಿ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘವು ಸಿರಿಧಾನ್ಯಗಳ ಸಮುದಾಯ ಬೀಜಭಂಡಾರವನ್ನು ನಡೆಸುತ್ತಿದೆ. 2025ರಲ್ಲಿ ಈ ಸಂಘಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ದೊರೆಯಿತು. ಧಾನ್ಯಕ್ಕೆ ಒಪ್ಪುವ ಈ ದಾರಿ ಕಾಯಿಪಲ್ಲೆಗೂ ಒಪ್ಪುತ್ತದೆ.

ಬೀಜವನ್ನು ಬಚ್ಚಿಟ್ಟವನಲ್ಲಿ ಅದು ಒಂದು ಕಾಲ ಉಳಿದೀತು. ಹಂಚಿದವನ ಊರಿನಲ್ಲಿ ಅದು ತಲೆಮಾರುಗಳ ಕಾಲ ಬಾಳುತ್ತದೆ.

ಅಭ್ಯಾಸ
1. ಹಿತ್ತಲಿನ ತಳಿಗೂ ಪೇಟೆಯ ತಳಿಗೂ ಇರುವ ವ್ಯತ್ಯಾಸವೇನು?
2. ಹೀರೆಯ ಎರಡು ತಳಿಗಳನ್ನು ಒತ್ತಾಗಿ ಬೆಳೆಯಬಾರದೇಕೆ?
3. ‘ಹಂಚಿಕೆಯು ಕಾಪಿನ ಉಪಾಯ’ – ಈ ಮಾತನ್ನು ಸಮರ್ಥಿಸಿರಿ.
4. ನಿಮ್ಮ ಊರಿನ ಹಿರಿಯರನ್ನು ಕೇಳಿ, ಈಗ ಅಪರೂಪವಾಗಿರುವ ಕಾಯಿಪಲ್ಲೆಯ ತಳಿಗಳ ಪಟ್ಟಿಯನ್ನು ತಯಾರಿಸಿರಿ.