ಭುಜದ ಶಸ್ತ್ರಚಿಕಿತ್ಸೆಯ ನಂತರ ಕರಗುವ ಮೃದ್ವಸ್ಥಿ

ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಳು ಕಳೆದರೂ ಭುಜದ ನೋವು ತಗ್ಗದೆ ಹೆಚ್ಚುತ್ತ, ತಲೆ ಬಾಚಲು ಕೈ ಎತ್ತಿದಾಗ ಒಳಗೆ ಕರಕರ ಸದ್ದು ಕೇಳುತ್ತಿದ್ದರೆ, ಅದನ್ನು ವ್ಯಾಯಾಮದ ಕೊರತೆಯೆಂದು ತಳ್ಳಿಹಾಕುವುದು ಸರಿಯಲ್ಲ. ಕೀಲಿನ ಮೃದ್ವಸ್ಥಿ ಕರಗುತ್ತಿರಬಹುದೇ ಎಂದು ಪ್ರಶ್ನೆ ಕೇಳಿದ ಓದುಗರ ಶಂಕೆಗೆ ಆಧಾರವಿದೆ. ತೋಳಿನ ಮೂಳೆಯ ಗುಂಡನೆಯ ತಲೆಗೂ ಅದು ಕೂರುವ ಹೆಗಲೆಲುಬಿನ ಕುಳಿಗೂ ಹೊದಿಕೆಯಾಗಿರುವ ನುಣುಪಾದ ಪದರವೇ ಮೃದ್ವಸ್ಥಿ. ಅದರಲ್ಲಿ ರಕ್ತನಾಳಗಳಿಲ್ಲದ ಕಾರಣ, ಜೀವಕೋಶಗಳು ಸತ್ತ ಮೇಲೆ ಪದರವು ಮೊದಲಿನಂತೆ ಬೆಳೆಯುವುದಿಲ್ಲ. ಹೀಗೆ ಅದು ವೇಗವಾಗಿ ನಾಶವಾಗುವುದನ್ನು ಕಾಂಡ್ರೊಲೈಸಿಸ್ ಎನ್ನುತ್ತಾರೆ.

ಇದರ ಕಾರಣಗಳಲ್ಲಿ ಹೆಚ್ಚು ಚರ್ಚೆಗೊಳಗಾದದ್ದು ನೋವು ತಗ್ಗಿಸಲೆಂದೇ ಇಟ್ಟ ಪಂಪು ಎಂಬುದು ವಿಪರ್ಯಾಸ. ಬುಪಿವಕೇನ್‌ನಂತಹ ಸ್ಥಳೀಯ ಅರಿವಳಿಕೆಯನ್ನು ತೆಳುವಾದ ಕೊಳವೆಯಿಂದ ಕೀಲಿನೊಳಕ್ಕೇ 48ರಿಂದ 72 ಗಂಟೆಗಳ ಕಾಲ ಹನಿಸಿದವರಲ್ಲಿ ಕಂಡ 35 ಪ್ರಕರಣಗಳನ್ನು ಪರಿಶೀಲಿಸಿ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2009ರಲ್ಲಿ ಎಚ್ಚರಿಕೆ ನೀಡಿತು. ಅವುಗಳಲ್ಲಿ ಬಹುತೇಕ ಎಲ್ಲವೂ ಭುಜಕ್ಕೆ ಸಂಬಂಧಿಸಿದವು, ಅರ್ಧಕ್ಕಿಂತ ಹೆಚ್ಚು ರೋಗಿಗಳಿಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಯಿತು. ನರದ ಸುತ್ತ ಕೊಡುವ ಚುಚ್ಚುಮದ್ದು ಬೇರೆಯದೇ ಕ್ರಮ, ಅದಕ್ಕೆ ಈ ಆರೋಪ ಅನ್ವಯಿಸದು. ಅಂಗಾಂಶವನ್ನು ಕುಗ್ಗಿಸಲು ಬಳಸುವ ಶಾಖದ ಉಪಕರಣ, ಮೂಳೆಯಿಂದ ಹೊರಚಾಚಿದ ಆ್ಯಂಕರ್ ಎಂಬ ಪುಟ್ಟ ಮೊಳೆ, ಸೋಂಕು ಇವೂ ಕಾರಣವಾಗಬಲ್ಲವು.

ಆದ್ದರಿಂದ ಓದುಗರು ಮೊದಲು ಆಸ್ಪತ್ರೆಯಿಂದ ಡಿಸ್ಚಾರ್ಜ್ ಸಾರಾಂಶವನ್ನಷ್ಟೇ ಅಲ್ಲದೆ ಆಪರೇಷನ್ ನೋಟ್ಸ್ ಪ್ರತಿಯನ್ನೂ ಕೇಳಿ ಪಡೆದು, ಹಳೆಯ ಎಕ್ಸ್-ರೇಯ ಪಕ್ಕದಲ್ಲಿ ಹೊಸದನ್ನಿಟ್ಟು ಕೀಲಿನ ಅಂತರ ಕಿರಿದಾಗಿದೆಯೇ ಎಂದು ಭುಜದ ತಜ್ಞರಿಂದ ನೋಡಿಸುವುದು, ಸೋಂಕಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಅಗತ್ಯ. ಮೃದ್ವಸ್ಥಿ ನಾಶವಾಗಿರುವುದು ಖಚಿತವಾದರೂ, ಕೃತಕ ಕೀಲಿಗೂ ಸವೆತವಿರುವುದರಿಂದ, ಕಿರಿಯ ವಯಸ್ಸಿನವರಲ್ಲಿ ಫಿಸಿಯೋಥೆರಪಿ ಮತ್ತು ನೋವಿನ ಔಷಧಿಗಳಿಂದ ಸಾಧ್ಯವಾದಷ್ಟು ಕಾಲ ತಳ್ಳಿ, ಬದಲಿ ಕೀಲನ್ನು ಕೊನೆಗೆ ಉಳಿಸಿಕೊಳ್ಳುವುದೇ ರೂಢಿ.