ಕಾರಣ ತಿಳಿಯದ ದಿನಗಳಲ್ಲಿ

ಕನಕದಾಸರು ‘ನಳಚರಿತ್ರೆ’ಯಾಗಿ ಹಾಡಿದ ಕಥೆ ಮಹಾಭಾರತದ ವನಪರ್ವದ್ದು. ರಾಜ್ಯ ಕಳೆದುಕೊಂಡು ಕಾಡುಪಾಲಾಗಿದ್ದ ಧರ್ಮರಾಯನಿಗೆ ಬೃಹದಶ್ವ ಮುನಿ ಅದನ್ನು ಹೇಳುತ್ತಾನೆ. ಕಾಳ್ಗಿಚ್ಚಿಗೆ ಸಿಕ್ಕ ಕಾರ್ಕೋಟಕನೆಂಬ ಹಾವನ್ನು ನಳರಾಜ ಎತ್ತಿ ಉಳಿಸಿದ. ಆ ಹಾವು ಅವನನ್ನೇ ಕಚ್ಚಿತು. ಚೆಲುವ ಕುರೂಪಿಯಾದ. ಆದರೆ ಆ ವಿಷ ಸುಟ್ಟದ್ದು ಅವನನ್ನು ಕೆಡಿಸಲು ಒಳಗೆ ಹೊಕ್ಕಿದ್ದ ಕಲಿಪುರುಷನನ್ನು. ಆ ಕುರೂಪವೇ ಯಾರೂ ಗುರುತಿಸದಂತೆ ಅವನನ್ನು ಕಾಯಿತು.

ನಳನಿಗೆ ಕಾರಣವನ್ನು ಹಾವೇ ಹೇಳಿತು. ನಮಗೆ ಹಾಗೆ ಹೇಳುವವರಿಲ್ಲ, ಕಷ್ಟವಿರುವುದು ಅಲ್ಲೇ. ಮಗುವನ್ನು ಕಳೆದುಕೊಂಡ ತಾಯಿಗೆ ‘ಎಲ್ಲ ಒಳ್ಳೆಯದಕ್ಕೇ’ ಎನ್ನಬೇಡಿ. ಸುಮ್ಮನೆ ಪಕ್ಕದಲ್ಲಿ ಕುಳಿತಿರಿ. ನಿಮಗೇ ದುಃಖ ಬಂದಾಗ ಹಿಂದಿನ ಜನ್ಮದ ಲೆಕ್ಕ ಕೆದಕಬೇಡಿ. ದೇವರ ಮುಂದೆ ಅಳಿ, ಬೇಕಾದರೆ ಜಗಳವಾಡಿ. ನಮ್ಮ ದಾಸರೂ ಆಡಿದ್ದಾರೆ, ಅದು ಅಪನಂಬಿಕೆಯಲ್ಲ. ಕೈಗೆ ಬಂದ ಕೆಲಸ ಮಾತ್ರ ಬಿಡಬೇಡಿ. ನಳ ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ಋತುಪರ್ಣನ ಕುದುರೆಗಳನ್ನು ನೋಡಿಕೊಂಡಿದ್ದ. ಅವನಿಗೆ ಚೆನ್ನಾಗಿ ಗೊತ್ತಿದ್ದ ವಿದ್ಯೆ ಅದು. ಕೊನೆಗೆ ಹೆಂಡತಿ ದಮಯಂತಿಯಿದ್ದ ಊರಿಗೆ ಅವನನ್ನು ತಲುಪಿಸಿದ್ದೂ ಅವನೇ ಓಡಿಸಿದ ಋತುಪರ್ಣನ ರಥ.